ಮಾಲಕರು ಬದಲಾದಾಗ ಮುಂದಾಳು ಯಾರು?

ಮಲಪ್ರಭೆಯ ದಂಡೆಯ ನಮ್ಮ ಮುನವಳ್ಳಿಯಲ್ಲಿ ಹೊಲವು ಕೈಬದಲಾಗುವದು ಹೊಸ ಸಂಗತಿಯಲ್ಲ. ಆದರೆ ಬಿತ್ತಿಗೆಯ ಹೊತ್ತಿನಲ್ಲಿ ಹೊಲವನ್ನು ಕೊಂಡ ಜಾಣ ಸಾಹುಕಾರನು, ಆ ನೆಲವನ್ನು ಬಲ್ಲ ಕೂರಿಗೆಯವನನ್ನು ಮೊದಲ ದಿನವೇ ಬಿಡಿಸುವದಿಲ್ಲ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಕ್ರಿಕೆಟ್ ತಂಡದ ವಿಷಯದಲ್ಲಿ ನಾವು ಆಡಬೇಕೆಂದಿರುವ ಮಾತೂ ಇದೇ ಆಗಿದೆ.

ಡಿಯಾಜಿಯೋದ ಅಧೀನದ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯು ಈ ತಂಡದಲ್ಲಿಯ ತನ್ನ ಬಂಡವಾಳದ ಪುನರ್ವಿಮರ್ಶೆಯನ್ನು ಕೈಕೊಂಡುದಾಗಿ 2025ರ ನವೆಂಬರದಲ್ಲಿ ಪ್ರಕಟಿಸಿತು. ಅಂದಿನಿಂದ ಬೆಲೆಯೆಷ್ಟು, ಕೊಳ್ಳುವವರಾರು ಎಂಬ ಚರ್ಚೆಯೇ ಚರ್ಚೆ. ತಂಡವನ್ನು ನಡೆಸುವವರಾರು ಎಂದು ಕೇಳಿದವರು ವಿರಳ.

ಈ ತಂಡಕ್ಕೆ ಇಂಥ ಪ್ರಸಂಗವು ಹಿಂದೆಯೂ ಒದಗಿತ್ತು. 2008ರಲ್ಲಿ ವಿಜಯ ಮಲ್ಯರು ಇದನ್ನು 11 ಕೋಟಿ 16 ಲಕ್ಷ ಡಾಲರಿಗೆ ಕೊಂಡರು. ಅವರ ಕಂಪನಿಯನ್ನು ಡಿಯಾಜಿಯೋ ಕೈವಶಮಾಡಿಕೊಳ್ಳುವ ಒಪ್ಪಂದವು 2012ರ ನವೆಂಬರದಲ್ಲಿ ಪ್ರಕಟವಾಗಿ, 2014ರಲ್ಲಿ ಶೇರುಗಳ ಬಹುಭಾಗವು ಅದರ ಪಾಲಾಯಿತು. 2016ರ ಫೆಬ್ರುವರಿಯಲ್ಲಿ ಮಲ್ಯರು ಕಂಪನಿಯ ಅಧ್ಯಕ್ಷಪದವನ್ನು ಬಿಟ್ಟರು. ಮೇಲೆ ಇಷ್ಟೊಂದು ಗಾಳಿ ಬೀಸುತ್ತಿದ್ದರೂ 2013ರಲ್ಲಿ ನಾಯಕರಾದ ವಿರಾಟ್ ಕೊಹ್ಲಿಯವರನ್ನು ಯಾರೂ ಕದಲಿಸಲಿಲ್ಲ. 2016ರಲ್ಲಿ ಅವರು 973 ಓಟಗಳನ್ನು ಗಳಿಸಿ ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದರು.

ಆದರೆ ಆ ಪಂದ್ಯವನ್ನು ಗೆದ್ದವರಾರು? ಹೈದರಾಬಾದಿನ ಸನ್‌ರೈಸರ್ಸ್! ಡೆಕ್ಕನ್ ಚಾರ್ಜರ್ಸ್ ರದ್ದಾದ ಮೇಲೆ 2012ರಲ್ಲಿ ಸನ್ ಟೀವಿಯವರು ಕಟ್ಟಿದ ಈ ತಂಡವು ಮೊದಲ ಮೂರು ವರ್ಷಗಳಲ್ಲಿ ಸಂಗಕ್ಕಾರ, ವೈಟ್, ಧವನ್, ಸ್ಯಾಮಿ, ವಾರ್ನರ್ ಎಂದು ಐವರು ನಾಯಕರನ್ನು ಕಂಡಿತ್ತು. ಇದನ್ನು ತೋರಿಸಿ ನಮ್ಮ ವಾದವನ್ನು ಮುರಿಯಬಹುದೆಂದು ಕೆಲವರು ಭಾವಿಸಿಯಾರು. ಅವರು ಒಂದು ಹೆಸರನ್ನು ಮರೆಯುತ್ತಾರೆ. 2013ರಿಂದ ಆ ಗೆಲುವಿನವರೆಗೂ ಆ ತಂಡದ ತರಬೇತುದಾರರು ಟಾಮ್ ಮೂಡಿಯವರೊಬ್ಬರೇ ಆಗಿದ್ದರು. ಕೂರಿಗೆಯ ಕೈ ನಾಯಕನದೇ ಆಗಿರಬೇಕೆಂದಿಲ್ಲ. ಆದರೆ ಒಂದು ಕೈಯಾದರೂ ಹಳೆಯದಿರಬೇಕು.

ಬೆಂಗಳೂರಿನವರು ಈಚೆಗೆ ಇದನ್ನು ಅರಿತಂತೆ ತೋರುತ್ತದೆ. 2024ರ ಲಿಲಾವಿಗೆ ಮುಂಚೆಯೇ ರಜತ್ ಪಾಟಿದಾರರನ್ನು 11 ಕೋಟಿ ರೂಪಾಯಿಗೆ ಉಳಿಸಿಕೊಂಡು, ಮುಂದೆ ನಾಯಕತ್ವವನ್ನು ಅವರಿಗೇ ಒಪ್ಪಿಸಿದರು. 2021ರಿಂದ ತಂಡವನ್ನು ಕಂಡವರು ಅವರು. ಅವರ ಕೈಯಲ್ಲಿಯೇ 2025ರ ಜೂನ್ 3ರಂದು ಹದಿನೆಂಟನೆಯ ವರ್ಷದಲ್ಲಿ ಮೊದಲ ಜಯಕಿರೀಟವು ಬಂದಿತು.

ಮರುದಿನದ ಸಂಗತಿಯನ್ನು ಬರೆಯಲು ಲೇಖಣಿಯು ಹಿಂಜರಿಯುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಕಾಲ್ತುಳಿತಕ್ಕೆ ಹನ್ನೊಂದು ಜೀವಗಳು ಬಲಿಯಾದವು. ಚೆಂಡು-ದಾಂಡನ್ನು ಬಲ್ಲ ನಾಯಕನಿಂದ ಅದನ್ನು ತಡೆಯುವದು ಆಗುವ ಕೆಲಸವಲ್ಲ. ಬರುವ ಜನರನ್ನು ಎಣಿಸಿ, ಪೊಲೀಸರೊಡನೆ ಕುಳಿತು ಬಾಗಿಲುಗಳನ್ನು ಗೊತ್ತುಮಾಡಿ, ಅವಶ್ಯವಾದರೆ ‘ಇಂದು ಉತ್ಸವ ಬೇಡ’ ಎನ್ನುವ ಅಧಿಕಾರವುಳ್ಳ ಮುಖ್ಯಸ್ಥನು ಬೇರೆಯೇ ಬೇಕು. ಲೆಕ್ಕಪತ್ರ ಬಲ್ಲವರು ಮಾಲಕರಿಗೆ ಎಷ್ಟು ಜನರಾದರೂ ಸಿಕ್ಕಾರು. ಇಂಥವನು ಸಿಕ್ಕುವದು ಕಷ್ಟ.

ಆದುದರಿಂದ ತಂಡವು ಯಾರ ಕೈಸೇರಿದರೂ, ಆಟದ ಬದಿಯಲ್ಲಿ ಯಾರನ್ನು ಉಳಿಸಿಕೊಳ್ಳುವರೆಂಬುದನ್ನೂ, ಜನರ ಸುರಕ್ಷಿತತೆಗೆ ಯಾರು ಉತ್ತರವಾದಿಗಳೆಂಬುದನ್ನೂ ಹೊಸ ಮಾಲಕರು ಹೆಸರು ಹೇಳಿ ಪ್ರಕಟಿಸತಕ್ಕದ್ದು. ಎರಡನೆಯ ಹೆಸರು ಮೊದಲು ಬರಲಿ.