ಮೂಸುವ ಕೆಲಸ ಯಾರದು?

ಗಂಡಸು ಕುಡಿದು ಬಂದಿದ್ದಾನೋ ಇಲ್ಲವೋ ಎಂದು ಪತ್ತೆ ಹಚ್ಚುವ ಕೆಲಸ ನಮ್ಮಲ್ಲಿ ತಲೆತಲಾಂತರದಿಂದ ಹೆಂಗಸಿನದು. ಅದಕ್ಕೆ ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯೂ ಇಲ್ಲ. ಗೇಟಿನ ಚಿಲಕ ಸರಿಯುವ ಸದ್ದಿನಲ್ಲೇ ಅರ್ಧ ಗೊತ್ತಾಗುತ್ತದೆ. ಚಪ್ಪಲಿ ಬಿಡುವ ರೀತಿಯಲ್ಲಿ ಇನ್ನಷ್ಟು. ಉಳಿದದ್ದಕ್ಕೆ ನೀರಿನ ಲೋಟ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಉಸಿರು ಮೂಸಬೇಕು. ಏಲಕ್ಕಿ ಜಗಿದು ಬಂದಿದ್ದರೆ ಏಲಕ್ಕಿಯ ಹಿಂದೆ ಏನಿದೆ ಎಂದು ಮೂಸಬೇಕು. ಆಮೇಲೆ ಗಾಡಿಯ ಕೀಯನ್ನು ಸಾಸಿವೆ ಡಬ್ಬಿಯಲ್ಲೋ ದೇವರ ಪಟದ ಹಿಂದೋ ಬಚ್ಚಿಡಬೇಕು, ಅದಕ್ಕಾಗಿ ಬೈಸಿಕೊಳ್ಳಬೇಕು, ಕೆಲವು ಮನೆಗಳಲ್ಲಿ ಹೊಡೆಸಿಕೊಳ್ಳಬೇಕು. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಇಷ್ಟರಲ್ಲೇ ಒಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡಿದಿರೋ ಕಾಣೆ. ಯಾರೂ ಇಲ್ಲ ಎಂದರೆ ಮಾತ್ರ ನಾನು ನಂಬುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಮನೆಯಲ್ಲೇ ಕೂತು ಕುಡಿಯುವವನ ಮಾತು ಒಂದು ಕಡೆ ಇರಲಿ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದು, ದಂಡ ಕಟ್ಟಿ, ಮತ್ತೆ ಕುಡಿದು ಗಾಡಿ ಹತ್ತಿ ಎರಡನೆಯ ಸಲ ಸಿಕ್ಕಿಬಿದ್ದವನಿದ್ದಾನಲ್ಲ, ಅವನ ಬಾಯಿ ಮೂಸುವ ಕೆಲಸ ಇನ್ನು ಮುಂದೆ ಹೆಂಡತಿಯದಾಗಬಾರದು, ಸರ್ಕಾರದ್ದಾಗಬೇಕು. ನ್ಯಾಯಾಲಯ ಆಜ್ಞೆ ಮಾಡಿ ಅದನ್ನು ಮಾಡಿಸಬೇಕು. ದಿನಾ ಮಾಡಿಸಬೇಕು.

ಇದು ನನ್ನ ತಲೆಯಲ್ಲಿ ಹುಟ್ಟಿದ ವಿಚಾರವಲ್ಲ. ಅಮೆರಿಕದ ಸೌತ್ ಡಕೋಟಾ ಎಂಬ ರಾಜ್ಯದಲ್ಲಿ 2005ರಿಂದ ನಡೆದು ಬಂದಿರುವುದು. ಬಯಲು, ಗೋಧಿ, ದನ, ಚಳಿ ಇವೇ ಹೆಚ್ಚಿರುವ, ಜನ ಕಡಿಮೆಯಿರುವ ರಾಜ್ಯ ಅದು. ಅಲ್ಲಿ ಲ್ಯಾರಿ ಲಾಂಗ್ ಎಂಬ ವಕೀಲರು 1980ರ ದಶಕದಲ್ಲಿ ಒಂದು ಸಣ್ಣ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ, ಸರ್ಕಾರದ ಪರ ಮೊಕದ್ದಮೆ ನಡೆಸುತ್ತಿದ್ದರು. ಜೈಲಿಗೆ ಬರುವವರು ಬಹುಪಾಲು ಕುಡಿತದಿಂದಲೇ ಬರುವವರು, ಹೋದವರೇ ಮತ್ತೆ ಬರುವವರು. ಆಗ ಅವರು ಪ್ರಯೋಗ ಮಾಡಿ ನೋಡಿದ ಉಪಾಯವನ್ನೇ, ಮುಂದೆ ರಾಜ್ಯದ ಅಟಾರ್ನಿ ಜನರಲ್ ಆದ ಮೇಲೆ, 2005ರಲ್ಲಿ ಕೆಲವು ಕೌಂಟಿಗಳಲ್ಲಿ ಶುರು ಮಾಡಿಸಿದರು. 2007ರಲ್ಲಿ ಅಲ್ಲಿನ ಶಾಸನಸಭೆ ಅದನ್ನು ಇಡೀ ರಾಜ್ಯಕ್ಕೆ ಅನ್ವಯ ಮಾಡಿತು. 24/7 ಎಂದು ಅದರ ಹೆಸರು. ದಿನದ ಇಪ್ಪತ್ನಾಲ್ಕು ಗಂಟೆಯೂ ವಾರದ ಏಳು ದಿನವೂ ಕುಡಿಯದೆ ಇರು ಎಂದು ಅರ್ಥ.

ಉಪಾಯ ಬಹಳ ಸರಳ. ಕುಡಿದು ಗಾಡಿ ಓಡಿಸಿ ಮತ್ತೆ ಸಿಕ್ಕಿಬಿದ್ದವನನ್ನು ನ್ಯಾಯಾಧೀಶರು ಜೈಲಿಗೆ ಹಾಕುವುದಿಲ್ಲ, ಮನೆಗೇ ಕಳಿಸುತ್ತಾರೆ. ಕೆಲಸಕ್ಕೆ ಹೋಗು, ಸಂಪಾದಿಸು, ಮಕ್ಕಳ ಜೊತೆ ಇರು, ಆದರೆ ಒಂದು ತೊಟ್ಟೂ ಕುಡಿಯುವ ಹಾಗಿಲ್ಲ ಎಂಬುದು ಷರತ್ತು. ಬರೀ ಹೇಳಿ ಬಿಟ್ಟರೆ ಅದು ನಮ್ಮ ಗಂಡಸರು ದೇವರ ಮುಂದೆ ಕರ್ಪೂರ ಹಚ್ಚಿ ಮಾಡುವ ಆಣೆಯಷ್ಟೇ ಆಗುತ್ತಿತ್ತು. ಆದ್ದರಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಷೆರಿಫ್ ಕಚೇರಿಗೆ ಬಂದು ಯಂತ್ರಕ್ಕೆ ಊದಬೇಕು. ಹಬ್ಬವಿರಲಿ, ಭಾನುವಾರವಿರಲಿ, ಹಿಮ ಸುರಿಯುತ್ತಿರಲಿ. ಒಂದು ಊದಿಗೆ ಒಂದು ಡಾಲರ್, ಅದೂ ಊದುವವನದೇ ದುಡ್ಡು. ಕುಡಿದದ್ದು ತೋರಿದರೆ ಅಲ್ಲಿಂದಲೇ, ಆ ಕ್ಷಣವೇ, ಒಂದೆರಡು ದಿನಕ್ಕೆ ಜೈಲು. ಬಾರದೆ ತಪ್ಪಿಸಿಕೊಂಡರೆ ಹುಡುಕಿಕೊಂಡು ಬರುತ್ತಾರೆ. ದೂರದ ಹಳ್ಳಿಯವನಿಗೆ ದಿನಕ್ಕೆರಡು ಸಲ ಬರುವುದು ಆಗದಿದ್ದರೆ ಕಾಲಿಗೆ ಒಂದು ಪಟ್ಟಿ ಕಟ್ಟುತ್ತಾರೆ; ಅದು ಅರ್ಧ ಗಂಟೆಗೊಮ್ಮೆ ಬೆವರಿನಲ್ಲಿ ಮದ್ಯದ ಅಂಶವಿದೆಯೇ ಎಂದು ನೋಡುತ್ತಿರುತ್ತದೆ.

ಫಲ ಏನಾಯಿತು? 2005ರಿಂದ 2010ರವರೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ಜನ ಹೀಗೆ ಊದಿದರು. ಸುಮಾರು 37 ಲಕ್ಷ ಪರೀಕ್ಷೆಗಳು. ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಸಲ ಬಂದವರು ಕುಡಿಯದೇ ಬಂದಿದ್ದರು. ಇವರೆಲ್ಲ ಯಾರು? ಕುಡಿಯದೆ ಒಂದು ದಿನ ಇರಲಾರೆ ಎನ್ನುತ್ತಿದ್ದವರು! ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಕುಡಿದು ಗಾಡಿ ಓಡಿಸಿ ಮತ್ತೆ ಸಿಕ್ಕಿಬೀಳುವ ಪ್ರಕರಣಗಳು ಕೌಂಟಿಗಳಲ್ಲಿ ನೂರಕ್ಕೆ 12ರಷ್ಟು ಕಡಿಮೆಯಾದವು. ಹನ್ನೆರಡು ಏನು ಮಹಾ ಎನ್ನಬೇಡಿ, ರಸ್ತೆಯ ಮೇಲೆ ಆ ಹನ್ನೆರಡರಲ್ಲಿ ಒಬ್ಬನ ಎದುರಿಗೆ ಬರುವವರು ನಿಮ್ಮ ಮಕ್ಕಳಾಗಿರಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಲೆಕ್ಕ. ಮನೆಯೊಳಗೆ ಹೊಡೆದು ಬಡಿದು ಬಂಧನಕ್ಕೊಳಗಾಗುವ ಪ್ರಕರಣಗಳೂ ನೂರಕ್ಕೆ 9ರಷ್ಟು ಇಳಿದವು. ಯೋಜನೆ ಮಾಡಿದ್ದು ರಸ್ತೆಗೆ. ಅದು ಅಡುಗೆಮನೆಗೂ ಮುಟ್ಟಿತು.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಂ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯವಿದ್ದರೆ ಅಪರಾಧ. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಹತ್ತು ಸಾವಿರ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಸಜೆ ಅಥವಾ ಹದಿನೈದು ಸಾವಿರ, ಇಲ್ಲವೇ ಎರಡೂ. ಈ 'ಅಥವಾ' ಎನ್ನುವ ಪದದ ಸಂದಿಯಲ್ಲೇ ಎಲ್ಲರೂ ನುಸುಳಿ ಹೋಗುವುದು. ಆ ಹದಿನೈದು ಸಾವಿರ ಎಲ್ಲಿಂದ ಬರುತ್ತದೆ? ಹೆಂಡತಿಯ ಚೀಟಿ ದುಡ್ಡಿನಿಂದ, ಸ್ತ್ರೀಶಕ್ತಿ ಸಂಘದ ಸಾಲದಿಂದ, ಕಿವಿಯ ಓಲೆಯಿಂದ. ಕುಡಿದವನು ಅವನು, ದಂಡ ಕಟ್ಟಿದವಳು ಇವಳು. ಲೈಸೆನ್ಸ್ ಅಮಾನತು ಮಾಡುತ್ತಾರಂತೆ. ಲೈಸೆನ್ಸ್ ಇಲ್ಲದವನಿಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲವೇ?

ನಮ್ಮೂರಿನಲ್ಲಿ 2022ರಲ್ಲಿ ನಡೆದದ್ದು ಹೇಳುತ್ತೇನೆ. ಹೆಸರು ಬೇಡ, ಎಲ್ಲರೂ ಬದುಕಬೇಕಾದವರು. ನನ್ನ ತರಗತಿಯ ಹುಡುಗಿ, ಒಂಬತ್ತನೆಯ ಕ್ಲಾಸು, ಸಂಜೆ ಸೈಕಲ್ಲಿನಲ್ಲಿ ಟ್ಯೂಷನ್ನಿನಿಂದ ಮನೆಗೆ ಬರುತ್ತಿದ್ದಳು. ಲಗೇಜ್ ಟೆಂಪೊ ಬಂದು ಗುದ್ದಿತು. ಜೀವ ಉಳಿಯಿತು, ಬಲಗಾಲಿಗೆ ರಾಡು ಹಾಕಿದರು. ಟೆಂಪೊ ಓಡಿಸುತ್ತಿದ್ದವನು ಅದಕ್ಕೆ ಮೊದಲೇ ಎರಡು ಸಲ ಕುಡಿದು ಸಿಕ್ಕಿಬಿದ್ದು ದಂಡ ಕಟ್ಟಿದ್ದ. ಇಷ್ಟು ಎಲ್ಲ ಊರಿನಲ್ಲೂ ಇರುವ ಕತೆ. ಇದರ ಮುಂದಿನದನ್ನು ಕೇಳಿ. ಮಾರನೆಯ ದಿನ ಬೀದಿಯ ಜನ ಗುಂಪು ಕಟ್ಟಿ ಹೋಗಿ ಪ್ರಶ್ನೆ ಕೇಳಿದ್ದು ಅವನ ಹೆಂಡತಿಯನ್ನು. "ನೀನಾದರೂ ಕೀ ಎತ್ತಿಟ್ಕೋಬಾರದಾಗಿತ್ತೇನಮ್ಮಾ? ಅವನು ಕುಡಿದಿರೋದು ನಿನಗೆ ಗೊತ್ತಾಗಲಿಲ್ವಾ?" ಗಾರ್ಮೆಂಟ್ಸಿನಲ್ಲಿ ದಿನವಿಡೀ ನಿಂತು ಬಂದು, ಸೊಸೈಟಿ ಅಕ್ಕಿ ತರಲು ಹೋಗಿದ್ದವಳು ಅವಳು. ಎರಡು ಸಲ ಅವನನ್ನು ಹಿಡಿದು ಬಿಟ್ಟ ಪೊಲೀಸರನ್ನು ಯಾರೂ ಕೇಳಲಿಲ್ಲ. ದಂಡ ಎಣಿಸಿಕೊಂಡು ರಸೀದಿ ಹರಿದುಕೊಟ್ಟವರನ್ನು ಕೇಳಲಿಲ್ಲ. ಗುದ್ದಿದವನನ್ನೂ, ನಿಶೆ ಇಳಿದ ಮೇಲೆ, ಪಾಪ ಎಂದರು. ಊರಿನ ಲೆಕ್ಕದಲ್ಲಿ ಕರ್ತವ್ಯಲೋಪ ಮಾಡಿದವಳು ಅವಳೊಬ್ಬಳೇ.

ಕುಡುಕನಿಗೆ ಹೆದರಿಕೆ ಎಲ್ಲಿದೆ, ಎರಡು ವರ್ಷ ಜೈಲು ಅಂದರೂ ಕುಡಿಯುತ್ತಾನೆ ಎನ್ನುವವರಿದ್ದಾರೆ. ಅವರಿಗೆ ಮಕ್ಕಳ ಜೊತೆ ಕೆಲಸ ಮಾಡಿ ಗೊತ್ತಿಲ್ಲ. ಮೂವತ್ತು ವರ್ಷ ಹೋಂವರ್ಕ್ ನೋಡಿದವಳು ನಾನು. "ಪರೀಕ್ಷೆಯಲ್ಲಿ ಫೇಲ್ ಆಗ್ತೀಯ ನೋಡ್ಕೋ" ಎಂದು ಜೂನ್ ತಿಂಗಳಲ್ಲಿ ಹೇಳಿದರೆ ಯಾವ ಹುಡುಗನೂ ಬರೆಯುವುದಿಲ್ಲ. ಏಪ್ರಿಲ್ ಅವನಿಗೆ ಕಾಶಿಯಷ್ಟು ದೂರ. ನಾಳೆ ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ನಾನು ನೋಡುತ್ತೇನೆ, ನೋಡೇ ನೋಡುತ್ತೇನೆ, ಬರೆಯದಿದ್ದರೆ ಆಟದ ಪೀರಿಯಡ್ಡಿನಲ್ಲಿ ಕೂತು ಬರೆಯಬೇಕು ಎಂದು ಗೊತ್ತಾದರೆ ತೊಂಬತ್ತು ಭಾಗ ಬರೆದುಕೊಂಡೇ ಬರುತ್ತಾರೆ. ಶಿಕ್ಷೆ ಚಿಕ್ಕದು, ತಪ್ಪುವುದಿಲ್ಲ, ತಡವಾಗುವುದಿಲ್ಲ, ಅಷ್ಟೇ. ಬಿ.ಎಡ್.ನಲ್ಲಿ ಇದನ್ನು ದೊಡ್ಡ ದೊಡ್ಡ ಹೆಸರಿನಿಂದ ಹೇಳಿಕೊಟ್ಟಿದ್ದರು, ಹೆಸರುಗಳು ಮರೆತಿವೆ. ನಮ್ಮ ಕಾಯ್ದೆಯ ಎರಡು ವರ್ಷ ಏಪ್ರಿಲ್ ಪರೀಕ್ಷೆಯ ಹಾಗೆ. ಸೌತ್ ಡಕೋಟಾದ ಒಂದು ರಾತ್ರಿಯ ಜೈಲು ಮೊದಲ ಪೀರಿಯಡ್ಡಿನ ಹಾಗೆ.

ಆಕ್ಷೇಪಣೆಗಳು ನನಗೂ ಗೊತ್ತು. ಗಂಡಸಿನ ಮರ್ಯಾದೆಯ ಪ್ರಶ್ನೆ, ದಿನಾ ಹೋಗಿ ಊದುವುದೆಂದರೆ ಅವಮಾನ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ಮೇಷ್ಟ್ರು ಹೇಳಿದರು. ಚರಂಡಿಯಲ್ಲಿ ಬಿದ್ದಿರುವವನನ್ನು ಮಗ ಬಂದು ಎಬ್ಬಿಸಿಕೊಂಡು ಹೋಗುವಾಗ ಎಲ್ಲಿ ಹೋಗಿರುತ್ತದಪ್ಪ ಈ ಮರ್ಯಾದೆ? ಇದಕ್ಕೆ ಇಷ್ಟು ಉತ್ತರ ಸಾಕು.

ಲಂಚದ ಪ್ರಶ್ನೆ ಹಾಗೆ ತಳ್ಳಿಹಾಕುವಂಥದ್ದಲ್ಲ. ನೂರು ರೂಪಾಯಿ ಕೊಟ್ಟರೆ ಯಂತ್ರಕ್ಕೆ ಬೇರೆಯವನು ಊದುವ ದೇಶ ನಮ್ಮದು. ಆದ್ದರಿಂದಲೇ ಇದು ಠಾಣೆಯ ಹಿಂದಿನ ಕೋಣೆಯಲ್ಲಿ ಆಗಬಾರದು. ಕೋರ್ಟಿನ ಆವರಣದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ನಾಲ್ಕು ಜನರ ಕಣ್ಣೆದುರಿಗೆ ಆಗಬೇಕು. ಯಂತ್ರದಿಂದ ಬರುವ ಚೀಟಿ ಅದೇ ದಿನ ನ್ಯಾಯಾಧೀಶರ ಮೇಜಿಗೆ ಹೋಗಬೇಕು. ಊದುವ ಶುಲ್ಕದ ವಿಷಯವೂ ಹಾಗೆಯೇ. ಅದನ್ನು ಅವನ ತಲೆಗೆ ಕಟ್ಟಿದರೆ ಮತ್ತೆ ಇವಳ ಚೀಟಿ ದುಡ್ಡಿಗೇ ಕೈ ಬೀಳುತ್ತದೆ. ಇಲ್ಲಿ ನಾನು ಅಮೆರಿಕದವರನ್ನು ಒಪ್ಪುವುದಿಲ್ಲ. ಮದ್ಯದಿಂದ 2023–24ರಲ್ಲಿ ನಮ್ಮ ರಾಜ್ಯದ ಬೊಕ್ಕಸಕ್ಕೆ ಬಂದ ಅಬಕಾರಿ ಆದಾಯ ಮೂವತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಕುಡಿಸಿದ ದುಡ್ಡಿನಲ್ಲಿ ಊದಿಸುವುದಕ್ಕೆ ಎಷ್ಟು ಖರ್ಚಾದೀತು?

ನಿಜವಾಗಿ ಯೋಚಿಸಬೇಕಾದದ್ದು ಇನ್ನೊಂದಿದೆ. ವರ್ಷಗಟ್ಟಲೆ ಬೆಳಗಿನಿಂದಲೇ ಕುಡಿಯುವವನು ಒಂದೇ ಸಲಕ್ಕೆ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡಂತಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನಿಗೆ ಬೇಕಾದದ್ದು ಮೊದಲು ವೈದ್ಯರು, ಆಮೇಲೆ ಯಂತ್ರ. ಇಂಗ್ಲೆಂಡಿನವರು ಇದನ್ನು ಕಾನೂನಿನಲ್ಲೇ ಬರೆದಿದ್ದಾರೆ. ಅಲ್ಲಿ 2012ರಲ್ಲಿ ಕಾಯ್ದೆ ಮಾಡಿ, 2014ರಲ್ಲಿ ಲಂಡನ್ನಿನ ಕೆಲವು ಭಾಗಗಳಲ್ಲಿ ಪ್ರಯೋಗ ಮಾಡಿ, 2020ರಲ್ಲಿ ವೇಲ್ಸ್‌ಗೂ 2021ರಲ್ಲಿ ಇಡೀ ಇಂಗ್ಲೆಂಡಿಗೂ ಕಾಲುಪಟ್ಟಿಯ ಪದ್ಧತಿ ತಂದರು. ಹೆಚ್ಚೆಂದರೆ 120 ದಿನ. ಮದ್ಯಕ್ಕೆ ಪೂರ್ತಿ ದಾಸನಾದವನಿಗೆ ಈ ಆಜ್ಞೆ ಮಾಡುವ ಹಾಗಿಲ್ಲ. ಅವನಿಗೆ ಚಿಕಿತ್ಸೆಯ ದಾರಿ ಬೇರೆ. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇದೆ, ಧರ್ಮಸ್ಥಳದವರು ಊರೂರಿನಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿವೆ, ಅವುಗಳಿಂದ ಬದುಕಿದ ಸಂಸಾರಗಳನ್ನು ನಾನೇ ಕಂಡಿದ್ದೇನೆ. ಆದರೆ ಶಿಬಿರಕ್ಕೆ ಅವನನ್ನು ಕೈ ಹಿಡಿದು, ಕಾಲು ಹಿಡಿದು ಕರೆದುಕೊಂಡು ಹೋಗುವವಳು ಯಾರು ಹೇಳಿ? ಮತ್ತೆ ಅವಳೇ.

ಇದೆಲ್ಲ ಅಮೆರಿಕ, ಇಂಗ್ಲೆಂಡಿನ ಮಾತು, ನಮಗೆ ಹೊಸ ಕಾಯ್ದೆ ಯಾರು ಮಾಡಿಕೊಡುತ್ತಾರೆ ಎಂದು ನಾನು ಪರಿಚಯದ ವಕೀಲರೊಬ್ಬರ ಹತ್ತಿರ ಕೇಳಿದೆ. ಅವರು ನಕ್ಕು, ಬೀರುವಿನಿಂದ ಒಂದು ಹಳೆಯ ಪುಸ್ತಕ ತೆಗೆದು ತೋರಿಸಿದರು. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958. ಅದರ ನಾಲ್ಕನೆಯ ಕಲಂ. ತಪ್ಪು ಮಾಡಿದವನನ್ನು ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಒಬ್ಬ ಅಧಿಕಾರಿಯ ಕಣ್ಗಾವಲಿನಲ್ಲಿ ಬಿಡಬಹುದು. ಬಿಡುವಾಗ ಎಲ್ಲಿ ವಾಸ ಮಾಡಬೇಕು ಎಂಬ ಷರತ್ತು ಹಾಕಬಹುದು, ಮಾದಕ ಪದಾರ್ಥ ಮುಟ್ಟಬಾರದು ಎಂಬ ಷರತ್ತನ್ನೂ ಹಾಕಬಹುದು. ಹೌದು, ಅದರಲ್ಲೇ ಇದೆ, ನಾನು ಹುಟ್ಟುವುದಕ್ಕೆ ಮೊದಲಿನಿಂದ ಇದೆ! ಜಾಮೀನಿನ ಮೇಲೆ ಬಿಟ್ಟ ಎಷ್ಟೋ ಜನರಿಗೆ ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕು ಎಂದು ನಮ್ಮ ಕೋರ್ಟುಗಳು ಹೇಳುವುದುಂಟು. ಸಹಿ ಹಾಕಲು ಬರುವವನು ಊದಲು ಬರಲಾರನೇ? ಷರತ್ತಿದೆ, ಅಧಿಕಾರಿಯಿದ್ದಾನೆ, ಊದುವ ಯಂತ್ರ ಟ್ರಾಫಿಕ್ ಪೊಲೀಸರ ಕೈಯಲ್ಲೇ ಇದೆ. ದಿನಾ ಊದಿಸಬೇಕು ಎಂಬ ಒಂದು ಸಾಲು ಮಾತ್ರ ಎಲ್ಲೂ ಇಲ್ಲ.

"ಮತ್ತೆ ಯಾಕೆ ಸಾರ್ ಯಾರೂ ಹೀಗೆ ಆಜ್ಞೆ ಮಾಡುವುದಿಲ್ಲ?" ಎಂದೆ.

"ಯಾರು ಕೇಳಿದ್ದಾರೆ ಮೇಡಂ?" ಎಂದರು.

ಸಾರಾಯಿ ಅಂಗಡಿ ಮುಚ್ಚಿ ಎಂದು ನಮ್ಮ ರಾಜ್ಯದ ಹೆಂಗಸರು ಬೀದಿಗಿಳಿದು ಕೇಳಿದ್ದರು, 2007ರ ಜುಲೈ ಒಂದರಿಂದ ಸಾರಾಯಿ ನಿಂತಿತು. ಗಂಡಸರು ಬಾಟಲಿಗೆ ಬದಲಾಯಿಸಿಕೊಂಡರು, ಅದು ಬೇರೆ ಮಾತು. ಕೇಳುವುದು ನಮಗೆ ಹೊಸದಲ್ಲ. ನಮ್ಮ ಮಹಿಳಾ ಸಮಾಜದಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದಿದ್ದೇವೆ. ಎರಡನೆಯ ಸಲ ಸಿಕ್ಕಿಬಿದ್ದವರಿಗೆ ಬರೀ ದಂಡ ಬೇಡ, ದಿನಕ್ಕೆರಡು ಸಲ ಊದುವ ಷರತ್ತು ಹಾಕಿ ಎಂಬುದಷ್ಟೇ ಅದರಲ್ಲಿರುವುದು. ನಲವತ್ತಮೂರು ಸಹಿಗಳಾಗಿವೆ. ಆರೇಳು ಜನ, ಮನೆಯಲ್ಲಿ ಗೊತ್ತಾದರೆ ಕಷ್ಟ ಎಂದು, ಸಹಿ ಹಾಕದೆ ಅರ್ಜಿ ಟೈಪು ಮಾಡಿಸುವುದಕ್ಕೆಂದು ತಲಾ ಹತ್ತು ರೂಪಾಯಿ ಕೊಟ್ಟು ಹೋದರು. ಮುಂದಿನ ಶನಿವಾರ ಬೆಳಗಿನ ಸ್ಕೂಲು ಮುಗಿಸಿಕೊಂಡು ಕೊಟ್ಟು ಬರುತ್ತೇವೆ.