ನಾಲ್ಕು ವರ್ಷ ಸುಮ್ಮನೆ ಎಣಿಸಿದವರು

‘ತಪ್ಪು ಮಾಡದಿದ್ದರೆ ಹೆದರಿಕೆ ಏಕೆ?’ 2025ರ ಜುಲೈನಿಂದ ಈ ಮಾತು ಕೇಳಿ ಕೇಳಿ ಕಿವಿ ಹಣ್ಣಾಗಿದೆ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದುಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಕಿತ್ತುಹೋಗಿ ‘ಫೋನ್‌ಪೇ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಆಗ ತಿಂಗಳ ಕೊನೆಗೆ ಸಂಬಳ ಖಾತೆಗೆ ಬಂದು ಬೀಳುವ ಮಂದಿ ಒಂದೇ ಸಮನೆ ಶುರು ಹಚ್ಚಿಕೊಂಡರು: ‘ನಮ್ಮ ಸಂಬಳದಲ್ಲಿ ಟಿಡಿಎಸ್ ಹಿಡಿಯಲ್ವಾ? ಅಂಗಡಿಯವರು ಮಾತ್ರ ಯಾಕೆ ಕಟ್ಟಬಾರದು? ಕ್ಯಾಶ್ ಕೇಳಿದರೆ ಕಳ್ಳರೇ ಅಂತ ಲೆಕ್ಕ.’

ಹೌದು, ನಿಮ್ಮ ಸಂಬಳದಲ್ಲಿ ಹಿಡಿಯುತ್ತಾರೆ. ಆದರೆ ತಿಂಗಳು ತಿಂಗಳು ಹಿಡಿಯುತ್ತಾರೆ. ಎಷ್ಟು ಹಿಡಿದರು ಅಂತ ಪೇಸ್ಲಿಪ್ಪಿನಲ್ಲಿ ಬರೆದು ಕೊಡುತ್ತಾರೆ. ವರ್ಷದ ಕೊನೆಗೆ ಫಾರಂ 16 ಕೈಗಿಡುತ್ತಾರೆ. ನಿಮ್ಮ ಕಂಪನಿ ನಾಲ್ಕು ವರ್ಷ ಒಂದು ಪೈಸೆ ಹಿಡಿಯದೆ, ಒಂದು ಮಾತೂ ಹೇಳದೆ, ಐದನೇ ವರ್ಷ ನಾಲ್ಕೂ ವರ್ಷದ ತೆರಿಗೆಯನ್ನು ಬಡ್ಡಿ, ದಂಡ ಸೇರಿಸಿ ಒಟ್ಟಿಗೇ ಕಟ್ಟು ಎಂದರೆ ನೀವು ಏನು ಮಾಡುತ್ತಿದ್ದಿರಿ? ಮಾಗಡಿ ರಸ್ತೆಯ ಅಂಗಡಿಯವನು ಸ್ಟಿಕ್ಕರ್ ಕಿತ್ತ. ನೀವಾಗಿದ್ದರೆ ಕೋರ್ಟಿಗೆ ಹೋಗುತ್ತಿದ್ದಿರಿ.

ನನ್ನ ಸಿಟ್ಟು ತೆರಿಗೆಯ ಮೇಲಲ್ಲ, ಆ ನಾಲ್ಕು ವರ್ಷದ ಮೌನದ ಮೇಲೆ. 2021-22ರಿಂದ 2024-25ರವರೆಗಿನ ಯುಪಿಐ ಜಮೆಯ ಲೆಕ್ಕವನ್ನು ಪಾವತಿ ಕಂಪನಿಗಳಿಂದ ತರಿಸಿಕೊಂಡು ಇಲಾಖೆ ನೋಟಿಸ್ ಬರೆಯಿತು. ಇಂಥ ಅಂಗಡಿಗೆ ಇಂಥ ವರ್ಷ ಇಷ್ಟು ಬಂತು ಅಂತ ರೂಪಾಯಿ ಲೆಕ್ಕದಲ್ಲಿ ಗೊತ್ತಾಗುವ ಕಾಲ ಇದು. ಹಾಗಿದ್ದ ಮೇಲೆ ಮೊದಲ ವರ್ಷ ಮುಗಿದ ಕೂಡಲೇ, 2022ರ ಏಪ್ರಿಲಿನಲ್ಲೇ, ‘ನಿಮ್ಮ ವಹಿವಾಟು ಮಿತಿ ದಾಟಿದೆ, ನೋಂದಣಿ ಮಾಡಿಸಿಕೊಳ್ಳಿ’ ಎಂದು ಒಂದು ಎಸ್‌ಎಂಎಸ್ ಕಳಿಸಬಹುದಿತ್ತಲ್ಲ? ಕಳಿಸಲಿಲ್ಲ. ಬಾಕಿ ಬೆಳೆಯಲು ಬಿಟ್ಟರು. ಆಮೇಲೆ ಬಾಗಿಲು ತಟ್ಟಿದರು.

ಆ ಮೌನಕ್ಕೆ ತೆತ್ತ ಬೆಲೆ ಎಷ್ಟು ಅಂತ ನೋಡಬೇಕಾದರೆ ಹಾವೇರಿಯ ತರಕಾರಿ ವ್ಯಾಪಾರಿಯ ನೋಟಿಸ್ ಸಾಕು. ಆಗ ಎಲ್ಲ ಪತ್ರಿಕೆಗಳಲ್ಲೂ ಬಂದ ಸುದ್ದಿ ಅದು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟು, ಅದಕ್ಕೆ 29 ಲಕ್ಷ ತೆರಿಗೆ. 1.63 ಕೋಟಿ ಎಂದ ಕೂಡಲೇ ಕಣ್ಣರಳಿಸಿದವರೇ ಹೆಚ್ಚು. ಅದನ್ನು ನಾಲ್ಕರಿಂದ ಭಾಗಿಸಿ. ವರ್ಷಕ್ಕೆ ಸರಾಸರಿ 40 ಲಕ್ಷದ 75 ಸಾವಿರ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿಯೇ 40 ಲಕ್ಷ! ಮಿತಿಯನ್ನು ದಾಟಿದ್ದು ಮುಕ್ಕಾಲು ಲಕ್ಷದಷ್ಟು. ಅದೂ ಮಾರಿದ ಹಣ, ಉಳಿದ ಹಣವಲ್ಲ. ಅದರಲ್ಲಿ ಬಹುಪಾಲು ಮಂಡಿಗೆ, ರೈತರಿಗೆ, ಸಾಗಾಟಕ್ಕೆ ಹೋಗಿರುತ್ತದೆ. ಇನ್ನು ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬರೀ ವಿನಾಯಿತಿ ಸರಕು ಮಾರುವವನಿಗೆ ನೋಂದಣಿಯ ಅಗತ್ಯವೂ ಇಲ್ಲ ಅಂತ ಕಾನೂನೇ ಹೇಳುತ್ತದೆ. ಆದರೂ 29 ಲಕ್ಷ.

ವಾದಕ್ಕೆ ಆತ ಮಾರಿದ್ದೆಲ್ಲ ತೆರಿಗೆಯ ಸರಕೇ ಎಂದಿಟ್ಟುಕೊಳ್ಳೋಣ. ಮೊದಲ ವರ್ಷವೇ ಯಾರಾದರೂ ಹೇಳಿದ್ದರೆ ರಾಜಿ ತೆರಿಗೆ ಪದ್ಧತಿಗೆ, ಅಂದರೆ ಎಲ್ಲರೂ ಕಾಂಪೊಸಿಷನ್ ಸ್ಕೀಮ್ ಎನ್ನುವುದಕ್ಕೆ, ಸೇರಿಕೊಳ್ಳಬಹುದಿತ್ತು. ಒಂದೂವರೆ ಕೋಟಿವರೆಗೆ ವಹಿವಾಟು ಇರುವ ಅಂಗಡಿಗೆ ಅಲ್ಲಿ ತೆರಿಗೆ ನೂರಕ್ಕೆ ಒಂದು ರೂಪಾಯಿ. ನಾಲ್ಕೂ ವರ್ಷಕ್ಕೆ ಸೇರಿ 1.63 ಲಕ್ಷ. ಹೇಳಿದ್ದರೆ 1.63 ಲಕ್ಷ, ಹೇಳದೇ ಇದ್ದದ್ದಕ್ಕೆ 29 ಲಕ್ಷ. ಈ ಎರಡು ಅಂಕಿಗಳ ನಡುವಿನ 27 ಲಕ್ಷ ಯಾರ ತಪ್ಪಿನ ದಂಡ? ‘ತಪ್ಪು ಮಾಡದಿದ್ದರೆ ಹೆದರಿಕೆ ಏಕೆ’ ಎನ್ನುವ ಒಬ್ಬರಾದರೂ ಇದಕ್ಕೆ ಉತ್ತರ ಕೊಟ್ಟದ್ದನ್ನು ನಾನು ಕೇಳಿಲ್ಲ.

ಈ 40 ಲಕ್ಷ ಎಂಬ ಮಾತೇ ಜನರ ತಲೆ ಕೆಡಿಸಿದೆ. 365ರಿಂದ ಭಾಗಿಸಿದರೆ ದಿನಕ್ಕೆ ಹನ್ನೊಂದು ಸಾವಿರದ ಒಳಗೆ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಬೆಳಗಿನ ಜಾವ ಹಾಲಿನ ಕ್ರೇಟು ಇಳಿಸಿ ರಾತ್ರಿ ಹತ್ತಕ್ಕೆ ಶಟರ್ ಎಳೆಯುವ ಯಾವ ಕಾಂಡಿಮೆಂಟ್ಸ್ ಅಂಗಡಿಗೂ ಹನ್ನೊಂದು ಸಾವಿರ ದೊಡ್ಡ ಮಾತಲ್ಲ. ಹಾಲು, ಬ್ರೆಡ್ಡು, ಸಿಗರೇಟು, ಬಿಸ್ಕತ್ತು, ನೀರಿನ ಬಾಟಲಿ. ಎಲ್ಲವೂ ಎಂಆರ್‌ಪಿ ಸರಕು. ಅಂಗಡಿಯವನು ತನ್ನಿಷ್ಟದಂತೆ ಒಂದು ರೂಪಾಯಿಯನ್ನೂ ಸೇರಿಸುವ ಹಾಗಿಲ್ಲ. ಹಾಲಿಗೆ ಮತ್ತು ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ. ಬಿಸ್ಕತ್ತು, ಸಿಗರೇಟಿನ ಎಂಆರ್‌ಪಿಯೊಳಗೆ ತೆರಿಗೆ ಆಗಲೇ ಕೂತಿದೆ. ಕಾರ್ಖಾನೆಯವನು ಕಟ್ಟಿದ್ದಾನೆ, ಹೋಲ್‌ಸೇಲಿನವನು ಕಟ್ಟಿದ್ದಾನೆ. ಬಿಲ್ಲು ಹಾಕಿಸಿ ತಂದ ಅಂಗಡಿಯವನು ಅದನ್ನು ಕೊಟ್ಟೇ ತಂದಿದ್ದಾನೆ. ಉಳಿಯುವುದು ಅವನ ಕೈಗೆ ಸಿಗುವ ಸಣ್ಣ ಅಂಚಿನ ಮೇಲಿನ ತೆರಿಗೆ ಮಾತ್ರ. ನೋಂದಣಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪೂರ್ತಿ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಅದು ತೆರಿಗೆಯೇ ಅಲ್ಲ, ಅಂಗಡಿಯ ಬಂಡವಾಳಕ್ಕೆ ಕೈ ಹಾಕಿದ ಹಾಗೆ.

ಅದೂ ಇರಲಿ, ಜಿಎಸ್‌ಟಿ ಅಂಗಡಿಯವನ ತೆರಿಗೆಯೇ ಅಲ್ಲ, ಗಿರಾಕಿಯ ತೆರಿಗೆ. ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಮುಟ್ಟಿಸುವುದಷ್ಟೇ ಅವನ ಕೆಲಸ. 2021ರಲ್ಲಿ ಬನ್ನು ತಿಂದು ಟೀ ಕುಡಿದು ಹೋದವನನ್ನು 2025ರಲ್ಲಿ ಎಲ್ಲಿಂದ ಹುಡುಕಿ ತರಬೇಕು?

ಸಂಜೆ ಆರೂವರೆಗೆ ಹೇರೋಹಳ್ಳಿ ಕ್ರಾಸಿನಿಂದ ಬ್ಯಾಡರಹಳ್ಳಿ ಕಡೆಗೆ ನಡೆದು ಬನ್ನಿ. ಗಾರ್ಮೆಂಟ್ಸ್ ಬಿಟ್ಟ ಹೆಣ್ಣುಮಕ್ಕಳು, ಪೀಣ್ಯ ಕಡೆಯಿಂದ ಶಿಫ್ಟ್ ಮುಗಿಸಿ ಬಂದ ಹುಡುಗರು ಅಂಗಡಿ ಮುಂದೆ ನಿಂತಿರುತ್ತಾರೆ. ಗಾಜಿನ ಭರಣಿಯ ಮುಚ್ಚಳದ ಮೇಲೆ ಕೂತ ಸೌಂಡ್‌ಬಾಕ್ಸ್ ಒಂದೇ ಸಮನೆ ಕೂಗುತ್ತಿರುತ್ತದೆ. ಇಪ್ಪತ್ತನಾಲ್ಕು ರೂಪಾಯಿ. ಹತ್ತು ರೂಪಾಯಿ. ನಡುವೆ ಐನೂರು ರೂಪಾಯಿ ಎಂದು ಕೂಗಿತು ಎನ್ನಿ. ಅದು ವ್ಯಾಪಾರವೇ ಆಗಿರಬೇಕಿಲ್ಲ. ‘ಅಣ್ಣಾ, ಐನೂರು ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡ್ತೀರಾ?’ ಅಂತ ಯಾರೋ ಕೇಳಿರುತ್ತಾರೆ. ಅಂಗಡಿಯವನು ಗಲ್ಲಾದಿಂದ ಐನೂರರ ನೋಟು ತೆಗೆದು ಕೊಟ್ಟಿರುತ್ತಾನೆ. ಎಟಿಎಮ್ಮಿನಲ್ಲಿ ದುಡ್ಡಿಲ್ಲದ ದಿನ ಈ ಬಡಾವಣೆಗೆಲ್ಲ ಎಟಿಎಂ ಅವನೇ. ಒಂದು ಸೇರು ಸಕ್ಕರೆಯೂ ಕದಲದ, ಒಂದು ಪೈಸೆಯೂ ಹುಟ್ಟದ ಆ ಐನೂರು ಅಂಗಡಿಯ ಅದೇ ಕ್ಯೂಆರಿಗೆ ಬಂದು, ಅದೇ ಜಮೆಯಲ್ಲಿ ಸೇರಿ, ನಲವತ್ತು ಲಕ್ಷದ ಕಡೆಗೆ ಒಂದು ಹೆಜ್ಜೆ ಇಡುತ್ತದೆ. ಚೀಟಿ ದುಡ್ಡು ಅಲ್ಲಿಗೇ ಬರುತ್ತದೆ. ಬಾಮೈದ ವಾಪಸು ಕೊಟ್ಟ ಕೈಗಡ ಅಲ್ಲಿಗೇ ಬರುತ್ತದೆ. ಯಂತ್ರಕ್ಕೆ ಜಮೆ ಗೊತ್ತು, ಕಾರಣ ಗೊತ್ತಿಲ್ಲ. ಕಾರಣ ಕೇಳಬೇಕಾದವರು ಆ ದಿನವೇ ಕೇಳಬೇಕು. ನಾಲ್ಕು ವರ್ಷ ಬಿಟ್ಟು ‘ವಿವರಣೆ ಕೊಡಿ’ ಎಂದರೆ ಯಾವ ಅಂಗಡಿಯವನ ಬಳಿ ಯಾವ ದಾಖಲೆ ಇರುತ್ತದೆ? ‘ಇದು ಬರೀ ನೋಟಿಸ್, ಉತ್ತರ ಕೊಟ್ಟರೆ ಮುಗಿಯಿತು’ ಅಂತ ಇಲಾಖೆ ಸಮಾಧಾನ ಹೇಳಿತು. ಉತ್ತರ ಬರೆಯಲು ಆಡಿಟರ್ ಬೇಕು, ಆಡಿಟರಿಗೆ ಫೀಸು ಬೇಕು, ಫೀಸಿಗಿಂತ ಮೊದಲು ಆ ಮನೆಯಲ್ಲಿ ನಿದ್ದೆ ಬೇಕು.

ಕ್ಯೂಆರನ್ನು ಈ ಅಂಗಡಿಗಳಿಗೆ ತಂದು ಅಂಟಿಸಿದವರು ಯಾರು ಅಂತಲೂ ನೆನಪು ಮಾಡಿಕೊಳ್ಳೋಣ. ಅಂಗಡಿಯವನು ಅರ್ಜಿ ಹಾಕಿ ಕೇಳಿರಲಿಲ್ಲ. 2016ರ ಏಪ್ರಿಲಿನಲ್ಲಿ ಯುಪಿಐ ಬಂತು. ಅದೇ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಕೈಯಲ್ಲಿ ಕಾಸಿಲ್ಲದ ಗಿರಾಕಿ, ಚಿಲ್ಲರೆ ಇಲ್ಲದ ಅಂಗಡಿ, ಬೇರೆ ದಾರಿಯೇ ಇರಲಿಲ್ಲ. ಡಿಸೆಂಬರಿನಲ್ಲಿ ಪ್ರಧಾನಿಯೇ ಭೀಮ್ ಆ್ಯಪ್ ಬಿಡುಗಡೆ ಮಾಡಿದರು. 2020ರ ಜನವರಿಯಿಂದ ಯುಪಿಐಗೆ ವ್ಯಾಪಾರಿ ಶುಲ್ಕ ಸೊನ್ನೆ ಎಂದರು. ಕೋವಿಡ್ ಬಂದಾಗ ನೋಟು ಮುಟ್ಟಬೇಡಿ, ಫೋನ್ ತೋರಿಸಿ ಎಂದರು. ಕಂಪನಿಯ ಹುಡುಗರು ಬೀದಿ ಬೀದಿ ಸುತ್ತಿ, ‘ಫ್ರೀ ಸಾರ್, ಏನೂ ಖರ್ಚಿಲ್ಲ’ ಎನ್ನುತ್ತಾ ಸ್ಟಿಕ್ಕರ್ ಅಂಟಿಸಿ ಹೋದರು. ಸಣ್ಣ ವ್ಯಾಪಾರಿಗೆ ಎರಡು ಸಾವಿರ ರೂಪಾಯಿವರೆಗೆ ಯುಪಿಐ ಮೂಲಕ ಬಂದ ಪಾವತಿಗೆ ಶೇ. 0.15ರಷ್ಟು ಪ್ರೋತ್ಸಾಹಧನ ಕೊಡುವುದಕ್ಕೆ ಅಂತ 2024-25ನೇ ಸಾಲಿಗೆ ಕೇಂದ್ರ ಸರ್ಕಾರ ಸುಮಾರು 1,500 ಕೋಟಿ ತೆಗೆದಿಟ್ಟಿತು. ಆ ಹಣ ಬ್ಯಾಂಕುಗಳಿಗೆ, ಪಾವತಿ ಕಂಪನಿಗಳಿಗೆ. ನೋಟಿಸ್ ಮಾತ್ರ ಅಂಗಡಿಯವನಿಗೆ. 2025ರ ಜುಲೈ ಒಂದೇ ತಿಂಗಳಲ್ಲಿ ದೇಶದಲ್ಲಿ 1,947 ಕೋಟಿ ಯುಪಿಐ ಪಾವತಿಗಳಾದವು ಎಂದು ಜಗತ್ತಿನ ಮುಂದೆ ಎದೆ ತಟ್ಟಿಕೊಂಡೆವು. ಹತ್ತು ರೂಪಾಯಿ ಟೀಗೂ ಸ್ಕ್ಯಾನ್ ಮಾಡಿಸಿಕೊಂಡು ಆ ಅಂಕಿಯನ್ನು ಬೆಳೆಸಿದವರು ಈ ಅಂಗಡಿಯವರೇ. ಅದೇ ತಿಂಗಳು ಕರ್ನಾಟಕದಲ್ಲಿ ಅವರಿಗೆ ಸಿಕ್ಕಿದ ಗೌರವ ಈ ನೋಟಿಸ್.

ಸೌಂಡ್‌ಬಾಕ್ಸಿಗೆ ಕನ್ನಡ ಬರುತ್ತದೆ. ಸುದೀಪ್ ದನಿಯಲ್ಲಿ ಕನ್ನಡ ಮಾತಾಡುವ ಡಬ್ಬಿಯನ್ನೂ ಕಂಪನಿಯೊಂದು ತಂದಿತು. ವ್ಯಾಪಾರ ಬೇಕಾದಾಗ ಕನ್ನಡ ಎಲ್ಲರಿಗೂ ಸಲೀಸು. ನೋಂದಣಿಗೆ ಜಿಎಸ್‌ಟಿ ಜಾಲತಾಣ ತೆರೆದರೆ ಎದುರಾಗುವುದು ಇಂಗ್ಲಿಷಿನ ನಮೂನೆಗಳು. ಹಾಸನದಿಂದಲೋ ಕುಣಿಗಲಿನಿಂದಲೋ ಬಂದು, ಏಳನೇ ಕ್ಲಾಸಿಗೇ ಓದು ಬಿಟ್ಟು, ಇಪ್ಪತ್ತು ವರ್ಷದಿಂದ ಬೇಕರಿ ನಡೆಸುತ್ತಿರುವವನಿಗೆ ‘ಕಾನೂನು ಗೊತ್ತಿರಬೇಕಿತ್ತು’ ಎಂದು ಹೇಳುವುದಕ್ಕೆ ಮೊದಲು ಆ ಕಾನೂನನ್ನು ಅವನ ಭಾಷೆಯಲ್ಲಿ ಅವನಿಗೆ ಮುಟ್ಟಿಸಬೇಕಾಗಿತ್ತು.

ಇದೇ ಸರ್ಕಾರಗಳು ದೊಡ್ಡವರ ಜೊತೆ ನಡೆದುಕೊಳ್ಳುವ ರೀತಿ ನೋಡಿ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಹಣಕಾಸು ಸಚಿವೆ ಕಂಪನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಎಂದು ಸರ್ಕಾರವೇ ಅಂದಾಜು ಹೇಳಿತು. ಆ ದಿನ ‘ತೆರಿಗೆ ಕಟ್ಟಲು ಕಷ್ಟವೇನು’ ಎಂದು ಯಾರೂ ಕೇಳಲಿಲ್ಲ, ಷೇರು ಪೇಟೆ ಕುಣಿದಾಡಿತು. ಈಗ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಂದುಕೊಡುವ ಕಂಪನಿಗಳು ಹೂಡಿಕೆದಾರರ ದುಡ್ಡು ಸುಟ್ಟು ನಷ್ಟದಲ್ಲೇ ವ್ಯಾಪಾರ ಮಾಡುತ್ತಾ ಇದೇ ಕಾಂಡಿಮೆಂಟ್ಸ್ ಅಂಗಡಿಯ ಗಿರಾಕಿಗಳನ್ನು ಎಳೆದುಕೊಳ್ಳುತ್ತಿವೆ. ಅವುಗಳ ಗೋದಾಮು ಮಾಗಡಿ ರಸ್ತೆಗೂ ಬಂದಿದೆ, ಬಸವೇಶ್ವರನಗರಕ್ಕೂ ಬಂದಿದೆ. ಅದು ಸಾಲದೆಂಬಂತೆ ಮೆಟ್ರೊ ಕಿತ್ತಳೆ ಮಾರ್ಗ ಹೊಸಹಳ್ಳಿಯಿಂದ ಕಡಬಗೆರೆವರೆಗೆ ಇದೇ ರಸ್ತೆಯಲ್ಲಿ ಬರಲಿದೆ. ಕೆಲಸ ಶುರುವಾದರೆ ರಸ್ತೆ ಅಗೆತ, ಬ್ಯಾರಿಕೇಡು, ಧೂಳು. ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ. ಅದೆಷ್ಟು ವರ್ಷವೋ! ಆ ನಷ್ಟಕ್ಕೆ ಯಾವ ಇಲಾಖೆ ಲೆಕ್ಕ ಇಡುತ್ತದೆ? ಸಣ್ಣ ಅಂಗಡಿಗೆ ಬರುವ ಹಣಕ್ಕೆ ಎಲ್ಲರ ಬಳಿಯೂ ಲೆಕ್ಕವಿದೆ. ಅದು ಕಳೆದುಕೊಳ್ಳುವ ಹಣಕ್ಕೆ ಲೆಕ್ಕ ಇಡುವವರಿಲ್ಲ.

‘ಕ್ಯಾಶ್ ಮಾತ್ರ’ ಎಂದದ್ದು ಅಪರಾಧವೇನೂ ಅಲ್ಲ. ನೋಟು ಈ ದೇಶದ ಕಾನೂನುಬದ್ಧ ಹಣ. ಹಾಗೆಂದು ಕ್ಯೂಆರ್ ಕಿತ್ತರೆ ತೆರಿಗೆ ತಪ್ಪುತ್ತದೆ ಎಂದು ಅಂಗಡಿಯವರಿಗೆ ಕಿವಿಯೂದಿದವರನ್ನು ನಾನು ಒಪ್ಪುವುದಿಲ್ಲ. ನೋಟಿನಲ್ಲಿ ಬಂದರೂ ಫೋನಿನಲ್ಲಿ ಬಂದರೂ ವಹಿವಾಟು ವಹಿವಾಟೇ. ಚಿಲ್ಲರೆ ಜಗಳ ತಪ್ಪಿಸಿದ, ಖೋಟಾ ನೋಟಿನ ಭಯ ಕಳೆದ, ಬ್ಯಾಂಕಿನಿಂದ ಸಾಲ ಕೇಳಲು ಕೈಯಲ್ಲೊಂದು ಲೆಕ್ಕ ಕೊಟ್ಟ ವ್ಯವಸ್ಥೆ ಇದು. ಇದನ್ನು ಕಳೆದುಕೊಂಡರೆ ಮೊದಲ ಪೆಟ್ಟು ಅಂಗಡಿಯವನಿಗೇ. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಒಂಬತ್ತು ವರ್ಷ ಕಷ್ಟಪಟ್ಟು ಕಟ್ಟಿದ ನಂಬಿಕೆಯನ್ನು ಒಂದೇ ತಿಂಗಳಲ್ಲಿ ಕೆಡವಿದರು.

ಕೆಡವಿದ ಮೇಲೆ ಯಾರೂ ಹೊಣೆ ಹೊರಲಿಲ್ಲ. ಜಿಎಸ್‌ಟಿ ಕೇಂದ್ರದ್ದು ಎಂದು ರಾಜ್ಯ, ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ ಎಂದು ಕೇಂದ್ರದ ಸಚಿವರು. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆ ಕೊಟ್ಟ ಮೇಲೆ, 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆಸಿ ಮಾತಾಡಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಬಂದ್ ಕರೆ ವಾಪಸಾಯಿತು. ಬೀದಿಗಿಳಿಯುತ್ತೇವೆ ಎಂದು ಹೆದರಿಸದೇ ಇದ್ದಿದ್ದರೆ? ಆ 29 ಲಕ್ಷದ ಕಾಗದ ಹಾಗೇ ಓಡಾಡುತ್ತಿತ್ತು. ಬಂದ್ ಕರೆಗೆ ಹೆದರಿ ಕೊಟ್ಟ ಮಾತು ಇನ್ನೊಂದು ಸರ್ಕಾರ ಬಂದಾಗ ಅಳಿಸಿಹೋಗಬಾರದು. ಅದು ಕಾನೂನಿನಲ್ಲಿ ಬರಬೇಕು.

ಕಾನೂನು ಏನು ಹೇಳಬೇಕು ಎಂಬುದು ಕಷ್ಟದ ವಿಷಯವಲ್ಲ. ಇಲಾಖೆ ಯುಪಿಐ ಲೆಕ್ಕವನ್ನು ಸಾಕ್ಷಿಯಾಗಿ ಬಳಸುವುದಾದರೆ ಆ ವರ್ಷದ್ದನ್ನು ಆ ವರ್ಷವೇ ಬಳಸಲಿ, ಹಿಂದಿನದಕ್ಕೆ ಕೈ ಹಾಕಬಾರದು. ಮೊದಲ ಬಾರಿ ಮಿತಿ ದಾಟಿದವನಿಗೆ ದಂಡವಿಲ್ಲದೆ ರಾಜಿ ತೆರಿಗೆಗೆ ಸೇರಲು ಅವಕಾಶ ಇರಲಿ. ಮಿತಿ ದಾಟುವ ಮೊದಲೇ ಎಚ್ಚರಿಸುವ ಹೊಣೆ ಲೆಕ್ಕ ಇಟ್ಟುಕೊಂಡವರ ಮೇಲಿರಲಿ. ತಿಂಗಳ ಬಾಡಿಗೆ ವಸೂಲಿ ಮಾಡುವ ಸೌಂಡ್‌ಬಾಕ್ಸ್ ಅಲ್ಲೇ ಇದೆಯಲ್ಲ, ಭರಣಿಯ ಮೇಲೆ! ಒಂದೊಂದು ರೂಪಾಯಿಯನ್ನೂ ಕೂಗಿ ಹೇಳುವ ಆ ಡಬ್ಬಿ, ‘ಈ ವರ್ಷ ನಿಮಗೆ ಬಂದ ಹಣ ಮೂವತ್ತು ಲಕ್ಷ ದಾಟಿದೆ, ಜಿಎಸ್‌ಟಿ ಬಗ್ಗೆ ವಿಚಾರಿಸಿಕೊಳ್ಳಿ’ ಎಂದು ವರ್ಷಕ್ಕೊಮ್ಮೆ ಹೇಳಲಾರದೇ? ಹೇಳಿಸುವುದಕ್ಕೆ ಎರಡು ಸಾಲಿನ ಆದೇಶ ಸಾಕು. ಆ ಆದೇಶ ಹೊರಡಿಸುವವರೆಗೆ ಬ್ಯಾಡರಹಳ್ಳಿಯ ಯಾವ ಅಂಗಡಿಯವನು ಸ್ಟಿಕ್ಕರಿನ ಮೇಲೆ ಕ್ಯಾಲೆಂಡರ್ ನೇತುಹಾಕಿ ಕ್ಯಾಶ್ ಕೇಳಿದರೂ ನಾನು ಕೊಡುತ್ತೇನೆ. ನೀವೂ ಕೊಡಿ.