ಪರರ ಕಥೆಗಳನ್ನು ನಮ್ಮ ಮಕ್ಕಳು ಯಾಕೆ ಓದಬೇಕು?

ಮೊನ್ನೆ ಪರಿಚಿತರೊಬ್ಬರು ಮಗಳ ಜೊತೆ ಮನೆಗೆ ಬಂದಿದ್ದರು. ಬಿ.ಎ. ಮುಗಿಸಿರುವ ಆಕೆಗೆ ಇಂಗ್ಲಿಷ್ ಎಂ.ಎ. ಸೇರಿ ವಿಶ್ವ ಸಾಹಿತ್ಯವನ್ನು ಅಧ್ಯಯನ ಮಾಡುವ ಆಸೆ. ತಂದೆಗೆ ಎರಡು ಆತಂಕ. ಅದನ್ನು ಓದಿದರೆ ಉದ್ಯೋಗ ಸಿಗುತ್ತದೆಯೇ ಎಂಬುದು ಒಂದು. ಇನ್ನೊಂದನ್ನು ಅವರು ತುಸು ತಗ್ಗಿದ ದನಿಯಲ್ಲಿ ಹೇಳಿದರು: 'ಯಾರ್ಯಾರದೋ ಪ್ರೇಮಕಥೆ, ದೇವನನ್ನೇ ಪ್ರಶ್ನಿಸುವ ನಾಟಕ, ಇವನ್ನೆಲ್ಲ ಓದಿ ಮಗಳ ಈಮಾನ್ ಏನಾದೀತು?'

ಮೊದಲ ಪ್ರಶ್ನೆಯನ್ನು ಎಲ್ಲ ಸಮುದಾಯಗಳ ತಂದೆಯರೂ ಕೇಳುತ್ತಾರೆ. ಎರಡನೆಯದು ಮದ್ರಸದಲ್ಲೂ ಕಾಲೇಜಿನ ಕಲಾ ವಿಭಾಗದಲ್ಲೂ ಕಲಿತ ನನಗೆ ವಿಚಿತ್ರವಾಗಿ ಕಾಣಿಸುತ್ತದೆ. ಯಾಕೆಂದರೆ, ಪರರ ಸಾಹಿತ್ಯವನ್ನು ನನಗೆ ಮೊದಲು ಓದಿಸಿದ್ದು ಕಾಲೇಜಲ್ಲ, ಮದ್ರಸ. ದರ್ಸೆ ನಿಝಾಮಿ ಪಠ್ಯಕ್ರಮದಲ್ಲಿ ಮುಅಲ್ಲಕಾತ್ ಇದೆ. ಅವು ಇಸ್ಲಾಮ್‌ಪೂರ್ವ ಅರಬರ ಕಾವ್ಯಗಳು. ಅವುಗಳ ಪೈಕಿ ಇಮ್ರುಉಲ್ ಕೈಸ್‌ನ ಕವಿತೆಯಲ್ಲಿ ಆತ ತನ್ನ ಪ್ರಣಯ ಪ್ರಸಂಗಗಳನ್ನು ಯಾವ ಸಂಕೋಚವೂ ಇಲ್ಲದೆ ಬಣ್ಣಿಸಿದ್ದಾನೆ. ಹರೀರಿಯ ಮಕಾಮಾತ್‌ನ ನಾಯಕ ಅಬೂ ಝೈದ್ ಅಂತೂ ಮನಮುಟ್ಟುವ ಪ್ರವಚನ ನೀಡಿ ಜನರ ಹಣ ಕಿತ್ತುಕೊಂಡು ಹೋಗುವ ಚತುರ ವಂಚಕ. (ಆ ಪಾಠವನ್ನು ನಮ್ಮ ಕೆಲವು ಪ್ರವಚನಕಾರರು ಬೇರೆಯೇ ರೀತಿಯಲ್ಲಿ ಅರ್ಥ ಮಾಡಿಕೊಂಡಿರಬೇಕು!) ಹಾಗಿದ್ದೂ ನಮ್ಮ ವಿದ್ವಾಂಸರು ಆ ಕೃತಿಗಳನ್ನು ಕಾಪಾಡಿದರು. ಪವಿತ್ರ ಕುರ್‌ಆನಿನ ಪದಗಳ ಅರ್ಥವನ್ನು ನಿರ್ಣಯಿಸುವಾಗ ವ್ಯಾಖ್ಯಾನಕಾರರು ಆ ಜಾಹಿಲಿಯ್ಯಾ ಕವಿಗಳ ಸಾಲುಗಳನ್ನೇ ಸಾಕ್ಷ್ಯವಾಗಿ ಮುಂದಿಟ್ಟರು. ಓದುವುದೆಂದರೆ ಒಪ್ಪುವುದಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅಷ್ಟಕ್ಕೂ, ಯಾವ ಕಥೆ ಪರರದು? ಭಾರತದ ಪಂಚತಂತ್ರ 6ನೇ ಶತಮಾನದಲ್ಲಿ ಪಹ್ಲವಿ ಭಾಷೆಗೆ ಹೋಯಿತು. 8ನೇ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಅದನ್ನು 'ಕಲೀಲ ವ ದಿಮ್ನ' ಎಂದು ಅರಬಿಗೆ ತಂದರು. ಅಲ್ಲಿಂದ ಅದು ಯುರೋಪಿಗೆ ಹೋಯಿತು. ಇತ್ತ 11ನೇ ಶತಮಾನದಲ್ಲಿ ದುರ್ಗಸಿಂಹ ಅದೇ ಕಥೆಗಳನ್ನು ಕನ್ನಡದಲ್ಲಿ ಬರೆದ. ಈ ಪ್ರಯಾಣವನ್ನು ಒಟ್ಟಾಗಿ ನೋಡಲು ಸಾಧ್ಯವಾಗುವುದು ವಿಶ್ವ ಸಾಹಿತ್ಯದ ತರಗತಿಯಲ್ಲಿ ಮಾತ್ರ. ಇಂಗ್ಲೆಂಡಿನ ಸಾಹಿತ್ಯವನ್ನೇ ವಿಶ್ವವೆಂದು ಕಲಿಸುವ ವಿಭಾಗಗಳು ನಮ್ಮಲ್ಲಿ ಇನ್ನೂ ಇವೆ. ಆ ಮಾತು ಬೇರೆ.

ಇನ್ನು, ಓದದವರು ಏನು ಮಾಡುತ್ತಾರೆ ಎಂಬುದಕ್ಕೂ ಉದಾಹರಣೆಯಿದೆ. 1835ರಲ್ಲಿ ಮೆಕಾಲೆ ತನ್ನ ಟಿಪ್ಪಣಿಯಲ್ಲಿ ಭಾರತ ಮತ್ತು ಅರಬ್ ನಾಡಿನ ಸಮಗ್ರ ಸಾಹಿತ್ಯವನ್ನು ಯುರೋಪಿನ ಒಂದು ಕಪಾಟಿಗೂ ಸಮವಲ್ಲವೆಂದು ತಳ್ಳಿಹಾಕಿದ. ತನಗೆ ಸಂಸ್ಕೃತವಾಗಲಿ ಅರಬಿಯಾಗಲಿ ಬರುವುದಿಲ್ಲ ಎಂದು ಅದೇ ಟಿಪ್ಪಣಿಯಲ್ಲಿ ಆತ ಒಪ್ಪಿಕೊಂಡಿದ್ದ! ನಾವು ಮೆಕಾಲೆಯನ್ನು ಟೀಕಿಸುತ್ತೇವೆ. ಆದರೆ ಪುಟ ತೆರೆಯದೆ ತೀರ್ಪು ನೀಡುವ ಆತನ ಅಭ್ಯಾಸ ನಮ್ಮಲ್ಲಿಲ್ಲವೇ? ಹಾಸನದ ಬಾನು ಮುಷ್ತಾಕ್‌ರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನಾವೆಲ್ಲ ಸಂಭ್ರಮಿಸಿದೆವು. ಇದೇ ಲೇಖಕಿ 2000ದ ಸುಮಾರಿಗೆ ಮಸೀದಿಯಲ್ಲಿ ಮಹಿಳೆಯರ ಪ್ರಾರ್ಥನೆಯ ಕುರಿತು ಮಾತಾಡಿದ್ದಕ್ಕಾಗಿ ಸಾಮಾಜಿಕ ಬಹಿಷ್ಕಾರ ಎದುರಿಸಿದ್ದರು. ಅಂದು ಸಿಟ್ಟಾದವರೂ ಇಂದು ಸಂಭ್ರಮಿಸಿದವರೂ ಅವರ ಒಂದಾದರೂ ಕಥೆಯನ್ನು ಪೂರ್ತಿ ಓದಿದ್ದಾರೆಯೇ?

ನಾನು ಆ ತಂದೆಗೆ ಹೆಚ್ಚು ಹೊತ್ತು ಹೇಳಿದ್ದು ನೈಜೀರಿಯಾದ ಚಿನುವ ಅಚಿಬೆಯ ಬಗ್ಗೆ. ಆತ 1948ರಲ್ಲಿ ಇಬಾದನ್‌ನ ಯುನಿವರ್ಸಿಟಿ ಕಾಲೇಜಿಗೆ ಸೇರಿದ್ದು ವೈದ್ಯಕೀಯ ಕಲಿಯಲು, ಅದೂ ವಿದ್ಯಾರ್ಥಿವೇತನದೊಂದಿಗೆ. ಬಳಿಕ ಸಾಹಿತ್ಯದತ್ತ ಹೊರಳಿದ. ವಿದ್ಯಾರ್ಥಿವೇತನ ಕೈತಪ್ಪಿತು, ಅಣ್ಣ ನೆರವಾದ. (ನಮ್ಮ ಮನೆಗಳಲ್ಲಿ ಇಂಥದ್ದು ನಡೆದರೆ ಏನಾಗಬಹುದೆಂದು ಊಹಿಸಿ.) ನೈಜೀರಿಯಾದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಜಾಯ್ಸ್ ಕೇರಿ ಬರೆದ 'ಮಿಸ್ಟರ್ ಜಾನ್ಸನ್' ಎಂಬ ಕಾದಂಬರಿಯನ್ನು ಅಲ್ಲಿ ಆತ ಓದಿದ. ಆಫ್ರಿಕಾದ ಕುರಿತ ಶ್ರೇಷ್ಠ ಕೃತಿಯೆಂದು ಹೊಗಳಿಸಿಕೊಂಡಿದ್ದ ಆ ಪುಸ್ತಕದಲ್ಲಿ ತನ್ನ ಜನರ ಗುರುತೇ ಅಚಿಬೆಗೆ ಸಿಗಲಿಲ್ಲ. ಆತನೇನು ಪುಸ್ತಕ ಸುಡಲಿಲ್ಲ. ಅದು ಹೇಗೆ ಕಟ್ಟಲ್ಪಟ್ಟಿದೆ, ಲೇಖಕ ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬುದನ್ನು ಅರಿತ. 1958ರಲ್ಲಿ 'ಥಿಂಗ್ಸ್ ಫಾಲ್ ಅಪಾರ್ಟ್' ಬಂತು. ಇಂದು ಅದು 50ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಅದರಲ್ಲೂ ಆತ ತನ್ನ ಜನರನ್ನು ದೇವತೆಗಳಂತೆ ಚಿತ್ರಿಸಲಿಲ್ಲ. ಅವಳಿ ಶಿಶುಗಳನ್ನು ಕಾಡಿಗೆಸೆಯುವ ಕ್ರೌರ್ಯವನ್ನೂ ಬರೆದ. ಪರರ ಸುಳ್ಳಿಗೆ ಉತ್ತರ ಕೊಡುವಾಗ ತಮ್ಮವರ ತಪ್ಪನ್ನು ಮುಚ್ಚಿಡಬೇಕಿಲ್ಲ ಎಂಬ ಈ ಧೈರ್ಯ ನಮಗೆ ಇನ್ನೂ ಬಂದಿಲ್ಲ.

ನಮ್ಮನ್ನು ವಿಕೃತವಾಗಿ ತೋರಿಸುವ ಸಿನಿಮಾವೋ ಕಾದಂಬರಿಯೋ ಬಂದಾಗ ನಾವು ಮಾಡುವುದೇನು? ಮನವಿ, ಪ್ರತಿಭಟನೆ, ನಿಷೇಧದ ಆಗ್ರಹ. ಇವು ಬೇಡವೆಂದಲ್ಲ. ಆದರೆ ಆ ಕೃತಿಯೊಳಗೆ ಹೊಕ್ಕು, ಸುಳ್ಳು ಎಲ್ಲಿದೆ, ನಾವು ಒಪ್ಪಲೇಬೇಕಾದ ಸತ್ಯ ಎಲ್ಲಿದೆ ಎಂದು ಬಿಡಿಸಿ ತೋರಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಇಂಜಿನಿಯರಿಂಗ್ ಕಾಲೇಜುಗಳು ಅಂಥವರನ್ನು ತಯಾರಿಸುವುದಿಲ್ಲ. ಯಂತ್ರವೇ ಕ್ಷಣಾರ್ಧದಲ್ಲಿ ಅನುವಾದ ಮಾಡುವ ಈ ಕಾಲದಲ್ಲಿ ಅನುವಾದದ ಅಗತ್ಯ ಕಡಿಮೆಯಾಗಿರಬಹುದು, ಓದಿ ವಿವೇಚಿಸುವವರ ಅಗತ್ಯವಂತೂ ಹೆಚ್ಚಾಗಿದೆ.

ಉದ್ಯೋಗದ ಬಗ್ಗೆ ನಾನು ಅವರಿಗೆ ಸುಳ್ಳು ಭರವಸೆ ಕೊಡಲಿಲ್ಲ. ಸಾಹಿತ್ಯದ ಪದವಿ ಕೆಲಸದ ಗ್ಯಾರಂಟಿ ಪತ್ರವಲ್ಲ. ಇಂಜಿನಿಯರಿಂಗ್ ಮುಗಿಸಿ ಸಂಬಂಧವಿಲ್ಲದ ಕೆಲಸದಲ್ಲಿರುವ ಹುಡುಗರು ನಮ್ಮ ಬೀದಿಗಳಲ್ಲೂ ಇದ್ದಾರೆ ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಂ.ಎ. ಆದಮೇಲೂ ಬಿ.ಎಡ್. ಮಾಡಬಹುದಲ್ಲವೇ?' ಎಂದು ಕೇಳಿದರು. ಮಾಡಬಹುದು ಅಂದೆ. ಮಗಳು ಅಷ್ಟರಲ್ಲಿ ನನ್ನ ಕಪಾಟಿನಿಂದ ಅಚಿಬೆಯನ್ನು ತೆಗೆದುಕೊಂಡಿದ್ದಳು.